42 ಚೀಲ ಮಣ್ಣು, ಒಂದು ಸೆಂಟಿಮೀಟರ್ ಬೂದಿ: ನನ್ನ ಅನುಭವ

ಕೊನೆಗೂ ಸಿಕ್ಕಿತು. ಕಣ್ಣಿಗೆ ಬೂದಿಯ ಒಂದು ಗೆರೆಯೂ ಕಾಣದ ಮಣ್ಣಿನಿಂದ ಟೋಬಾ ಜ್ವಾಲಾಮುಖಿಯ ಬೂದಿಯಲ್ಲಿರುವ ಸೂಕ್ಷ್ಮ ಗಾಜಿನ ಚೂರುಗಳನ್ನು ಹೊರಗೆ ತೆಗೆದಿದ್ದೇನೆ. ಅದೂ ಎರೆ ಮಣ್ಣು ಬೆರೆತ ಮೆಕ್ಕಲಿನಿಂದ. "ಇದೆಲ್ಲ ಯುರೋಪಿನ ಪೀಟ್‌ಗೆ ಸರಿ, ನಮ್ಮ ಜಿಗುಟು ಮಣ್ಣಿಗೆ ಆಗೋ ಮಾತಲ್ಲ" ಅಂತ ಮೂರು ವರ್ಷ ಕೇಳಿಸಿಕೊಂಡಿದ್ದೇನೆ. ಪೀಟ್ ಅಂದರೆ ಜೌಗಿನಲ್ಲಿ ಅರೆಕೊಳೆತ ಸಸ್ಯಗಳ ಮಣ್ಣು. ನನಗೆ ಪಾಠ ಹೇಳಿದ ಮೇಷ್ಟ್ರೇ ಸಿಕ್ಕಾಗಲೆಲ್ಲ "ಏನಪ್ಪಾ, ಸಿಕ್ತಾ ನಿನ್ನ ಗಾಜು?" ಅಂತ ನಗುತ್ತಿದ್ದರು. ನಗುವುದಕ್ಕೆ ಅವರಿಗೆ ಕಾರಣ ನಾನೇ ಕೊಟ್ಟಿದ್ದೆ. ಅದನ್ನೂ ಹೇಳುತ್ತೇನೆ.

ಜ್ವಾಲಾಪುರದಲ್ಲಿ ಬೂದಿಯನ್ನು ಹುಡುಕಬೇಕಾಗಿಲ್ಲ. ಆಂಧ್ರದ ಜುರ್ರೇರು ಕಣಿವೆಯಲ್ಲಿ ಬಿಳಿ ಪದರ ಕೆಲವು ಕಡೆ ಎರಡೂವರೆ ಮೀಟರ್ ದಪ್ಪ ನಿಂತಿದೆ. ಅದರಲ್ಲಿ ಆಕಾಶದಿಂದ ನೇರವಾಗಿ ಬಿದ್ದದ್ದು ತಳದ ಕೆಲವೇ ಸೆಂಟಿಮೀಟರ್. ಉಳಿದದ್ದೆಲ್ಲ ಸುತ್ತಲಿನ ಗುಡ್ಡಗಳಿಂದ ಮಳೆ ತೊಳೆದು ತಂದು ತುಂಬಿದ್ದು. ಮಧ್ಯಪ್ರದೇಶದ ಸೋನ್ ಕಣಿವೆಯಲ್ಲಿ 1980ರ ದಶಕದಿಂದಲೇ ಗೊತ್ತು. ಮಹಾರಾಷ್ಟ್ರದ ಕುಕಡಿ ನದಿಯ ಬೋರಿಯಲ್ಲಿ ಇದೆ. ಆದರೆ ಬೂದಿ ಈ ಮೂರು-ನಾಲ್ಕು ಕಣಿವೆ ನೋಡಿಕೊಂಡು ಬಿತ್ತಾ? ಸುಮಾರು 74,000 ವರ್ಷದ ಹಿಂದೆ ಸುಮಾತ್ರಾದಲ್ಲಿ ಟೋಬಾ ಸಿಡಿದಾಗ ಬೂದಿ ಇಡೀ ಪರ್ಯಾಯ ದ್ವೀಪದ ಮೇಲೆ ಬಿತ್ತು. ಬಂಗಾಳ ಕೊಲ್ಲಿಯ ತಳದಲ್ಲಿದೆ, ಅರಬ್ಬಿ ಸಮುದ್ರದ ತಳದಲ್ಲೂ ಇದೆ. ನಡುವೆ ನಾವು ಕೂತಿದ್ದೇವೆ. ನಮ್ಮಲ್ಲಿ ಇಲ್ಲದೆ ಎಲ್ಲಿಗೆ ಹೋಗುತ್ತೆ? ಮಳೆ ತೊಳೆದಿರುತ್ತೆ, ಎರೆಹುಳು ಕಲಸಿರುತ್ತೆ, ಹಳ್ಳ ಹೊತ್ತೊಯ್ದಿರುತ್ತೆ. ಒಂದು ಗ್ರಾಂ ಮಣ್ಣಿಗೆ ನೂರೋ ಇನ್ನೂರೋ ಚೂರು ಮಾತ್ರ ಉಳಿದಿದ್ದರೆ ಅದು ಬರಿಗಣ್ಣಿಗೆ ಕಾಣುವುದಿಲ್ಲ, ಅಷ್ಟೆ.

ಕಾಣದ ಬೂದಿ ಹುಡುಕುವುದು ಹೊಸ ವಿದ್ಯೆ ಏನಲ್ಲ. ಸ್ವೀಡನ್ನಿನಲ್ಲಿ ಪರ್ಸನ್ ಎಂಬ ಸಂಶೋಧಕರು 1960ರ ದಶಕದಲ್ಲೇ ಪೀಟ್‌ನಲ್ಲಿ ಹುಡುಕಿದರು. 1989ರಲ್ಲಿ ಡಗ್‌ಮೋರ್ ಸ್ಕಾಟ್ಲೆಂಡಿನ ಪೀಟ್‌ನಲ್ಲಿ ಐಸ್‌ಲ್ಯಾಂಡಿನ ಬೂದಿ ತೋರಿಸಿದರು. ಟೋಬಾದ್ದೇ ಗಾಜು ಆಫ್ರಿಕಾದ ಮಲಾವಿ ಸರೋವರದಲ್ಲಿ ಸಿಕ್ಕಿತು. ಆಮೇಲೆ 2018ರಲ್ಲಿ ಟೋಬಾದಿಂದ ಸುಮಾರು 9,000 ಕಿ.ಮೀ. ದೂರದ ದಕ್ಷಿಣ ಆಫ್ರಿಕಾದ ಪಿನಾಕಲ್ ಪಾಯಿಂಟ್‌ನಲ್ಲೂ ಸಿಕ್ಕಿತು. ಅಲ್ಲಿಗೆ ಹೋದದ್ದು ನಮ್ಮ ಹಳ್ಳಕ್ಕೆ ಬರದೇ ಇರುತ್ತಾ ಅನ್ನುವುದೇ ನನ್ನ ವಾದ.

ನನ್ನ ಹಳ್ಳ ಎಲ್ಲಿದೆ ಅಂತ ಈಗ ಹೇಳುವುದಿಲ್ಲ. ದಕ್ಕನ್ ಪ್ರಸ್ಥಭೂಮಿಯ ಒಂದು ಹಳ್ಳ ಅಂದುಕೊಳ್ಳಿ. ದಡ 4 ಮೀಟರ್ ಮೇಲೆ ಚಿಲ್ಲರೆ ಎತ್ತರ, ನೆಟ್ಟಗೆ ಕಡಿದ ಹಾಗೆ. ಮೇಲಿನ ಒಂದು ಮೀಟರ್ ಎರೆ ಮಣ್ಣು. ಕೆಳಗೆ ಹಳದಿ ಮೆಕ್ಕಲು, ನಡುವೆ ಒಂದು ಸುಣ್ಣದ ಹರಳಿನ ಪಟ್ಟಿ. ಇಲ್ಲಿ ಮೇಷ್ಟ್ರ ಮೊದಲ ಆಕ್ಷೇಪ ನ್ಯಾಯವಾದದ್ದೇ. ಎರೆ ಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುತ್ತೆ. ಮೇಲಿನ ಮಣ್ಣು ಬಿರುಕಿನಲ್ಲಿ ಬಿದ್ದು ಒಂದಾಳು ಆಳ ಹೋಗಿರುತ್ತೆ. ಅಂಥ ಕಡೆ ಬೂದಿ ಸಿಕ್ಕರೂ ಅದು ಯಾವ ಮಟ್ಟದ್ದು ಅಂತ ಯಾರು ಹೇಳುತ್ತಾರೆ? ಅದಕ್ಕೇ ನಾನು ಹೂಳು ಜಾಸ್ತಿ, ಜೇಡಿ ಕಡಿಮೆ ಇರುವ ದಡ ಹುಡುಕಲು ಎರಡು ಬೇಸಿಗೆ ಸುತ್ತಿದೆ. ಕೊನೆಗೆ ಸಿಕ್ಕ ದಡದಲ್ಲೂ ಬಿರುಕು ಇಲ್ಲವೇ ಇಲ್ಲ ಅಂತಲ್ಲ. ಇದ್ದದ್ದು ಎರೆ ಪದರ ದಾಟಿ ಕೆಳಗೆ ಇಳಿದಿರಲಿಲ್ಲ.

10 ಸೆಂಟಿಮೀಟರಿಗೆ ಒಂದರಂತೆ 42 ಚೀಲ ತುಂಬಿದೆ. ಕೆಳಗಿನಿಂದ ಮೇಲಕ್ಕೆ ತೆಗೆಯಬೇಕು, ಇಲ್ಲದಿದ್ದರೆ ಮೇಲಿನ ಪುಡಿ ಕೆಳಗಿನ ಚೀಲಕ್ಕೆ ಉದುರುತ್ತೆ. ಇದು ನಿಮಗೆಲ್ಲ ಗೊತ್ತಿರುವುದೇ.

ಮೊದಲ ವರ್ಷ ಬರೇ ಮೂರ್ಖತನ. ಪೀಟ್‌ನವರ ಪದ್ಧತಿಯನ್ನು ಹಾಗೇ ಎತ್ತಿಕೊಂಡೆ. ಒಂದೇ ಗ್ರಾಂ ಮಣ್ಣು, 550 ಡಿಗ್ರಿಯಲ್ಲಿ ಸುಡುವುದು, ಆಸಿಡ್, ಜರಡಿ, ಸ್ಲೈಡು. ಪೀಟ್ ಸುಟ್ಟರೆ ಹತ್ತರಲ್ಲಿ ಒಂಬತ್ತು ಪಾಲು ಹೊಗೆಯಾಗಿ ಹೋಗುತ್ತೆ. ನಮ್ಮ ಮಣ್ಣು ಸುಟ್ಟರೆ ಇಟ್ಟಿಗೆ ಆಗುತ್ತೆ! ನಿಜವಾಗಲೂ ಇಟ್ಟಿಗೆ. ಕ್ರೂಸಿಬಲ್‌ನಿಂದ ಬಿಲ್ಲೆ ಬಿಲ್ಲೆಯಾಗಿ ಎದ್ದು ಬಂತು. ಅದನ್ನು ಮತ್ತೆ ಕರಗಿಸಲು ಹೋಗಿ ಒಂದು ತಿಂಗಳು ಕಳೆದೆ. ಜೇಡಿ ಮಣ್ಣನ್ನು ಸುಡಲೇಬೇಡಿ. ಸುಟ್ಟರೆ ಗಾಜಿನ ಸೋಡಿಯಂ, ಪೊಟ್ಯಾಸಿಯಂ ಅಂಕಿಗಳ ಮೇಲೂ ನಂಬಿಕೆ ಹೋಗುತ್ತೆ.

ಆಮೇಲೆ ಜೇಡಿಯ ಕಣಗಳನ್ನು ಬಿಡಿಸುವ ಕ್ಯಾಲ್ಗಾನ್ ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ, ಜೇಡಿಯನ್ನು ಬಸಿದು ಚೆಲ್ಲಿ, ತಳದಲ್ಲಿ ಉಳಿದದ್ದನ್ನು ನೋಡಲು ಶುರು ಮಾಡಿದೆ. 42ರಲ್ಲೂ ಗಾಜು! ಒಂದು ಗ್ರಾಂಗೆ 20, 35, 60. ಮೇಲಿನಿಂದ ಕೆಳಗಿನವರೆಗೆ ಎಲ್ಲ ಚೀಲದಲ್ಲೂ. ಗುಳ್ಳೆ ಒಡೆದು ಉಳಿದ ಬಾಗಿದ ಗೋಡೆಗಳು, ಕವೆಗೋಲಿನಂಥ ಚೂರುಗಳು, ನೀರಿನಷ್ಟು ತಿಳಿ. ನಾನು ಕುಣಿದಾಡಿಬಿಟ್ಟೆ. ಒಂದು ಸಭೆಯಲ್ಲಿ ನಿಂತು ಹೇಳಿಯೂ ಬಿಟ್ಟೆ. ಮೇಷ್ಟ್ರು ಹಿಂದಿನ ಸಾಲಿನಿಂದ ಒಂದೇ ಪ್ರಶ್ನೆ ಕೇಳಿದರು: "ಮಣ್ಣು ಹಾಕದೆ ಬರೀ ನೀರು ಓಡಿಸಿ ನೋಡಿದೆಯಾ?"

ನೋಡಿರಲಿಲ್ಲ. ವಾಪಸ್ ಬಂದು ಖಾಲಿ ಟ್ಯೂಬು ಓಡಿಸಿದೆ. ಅದೇ ಜರಡಿ, ಅದೇ ನೀರು, ಅದೇ ಸ್ಲೈಡು. ಅದರಲ್ಲಿ 17 ಚೂರು.

ಕಾರಣ ನನ್ನ ಮೇಜಿನ ಮೇಲೇ ಇತ್ತು. ಹೋಲಿಸಲು ಅಂತ ಗೆಳೆಯರೊಬ್ಬರು ಕೊಟ್ಟಿದ್ದ ಜ್ವಾಲಾಪುರದ ಬೂದಿ, ಒಂದು ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ. ಮುಚ್ಚಳ ತೆಗೆದಾಗಲೆಲ್ಲ ಹಿಟ್ಟಿನ ಗಿರಣಿಯ ಧೂಳಿನ ಹಾಗೆ ಏಳುತ್ತಿತ್ತು. ಅದನ್ನು ಒಮ್ಮೆ ಸೋಸಿದ್ದ ನೈಲಾನ್ ಜಾಲರಿಯನ್ನೇ ಎಲ್ಲದಕ್ಕೂ ಬಳಸಿದ್ದೆ. ಒಂದು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಆ ಸಭೆಯಲ್ಲಿ ಇದ್ದವರಿಗೆಲ್ಲ ಪತ್ರ ಬರೆದು ತಪ್ಪು ಒಪ್ಪಿಕೊಂಡೆ. ನಾಲ್ಕು ತಿಂಗಳು ಲ್ಯಾಬಿನ ಕಡೆ ತಲೆ ಹಾಕಲಿಲ್ಲ.

ಮತ್ತೆ ಶುರು ಮಾಡಿದಾಗ ಕೋಣೆ ಬದಲಿಸಿದೆ. ಜಾಲರಿ ಎಲ್ಲ ಎಸೆದೆ. ಈಗ ಒಂದು ಚೀಲಕ್ಕೆ ಒಂದು ತುಂಡು ಜಾಲರಿ, ಕೆಲಸ ಮುಗಿದರೆ ಬುಟ್ಟಿಗೆ. ದುಬಾರಿಯೇ. ಆದರೆ ಜಾಲರಿಯ ಕಣ್ಣಿನಲ್ಲಿ ಸಿಕ್ಕ ಚೂರು ಎಷ್ಟು ತೊಳೆದರೂ ಹೋಗುವುದಿಲ್ಲ. ಅಲ್ಟ್ರಾಸೋನಿಕ್‌ನಲ್ಲಿ ಇಟ್ಟರೆ ಹೋಗುತ್ತೆ ಅಂತ ಹೇಳುವವರಿದ್ದಾರೆ. ನಾನೂ ಇಟ್ಟು ನೋಡಿದ್ದೇನೆ. ಹೋಗುವುದಿಲ್ಲ. ಹೋಲಿಕೆಯ ಬೂದಿ ಈಗ ಬೇರೆ ಕಟ್ಟಡದಲ್ಲಿದೆ. ಅದನ್ನು ಮುಟ್ಟಿದ ದಿನ ನಾನು ಮಣ್ಣು ಮುಟ್ಟುವುದಿಲ್ಲ, ಅಂಗಿಯನ್ನೂ ಬದಲಿಸುತ್ತೇನೆ. ಪ್ರತಿ ಐದು ಚೀಲಕ್ಕೆ ಒಂದು ಖಾಲಿ ಟ್ಯೂಬು. ಖಾಲಿಯಲ್ಲಿ ಒಂದೇ ಒಂದು ಚೂರು ಕಂಡರೂ ಆ ಐದನ್ನೂ ಎಸೆಯುವುದು. ಎರಡು ಸಲ ಎಸೆದಿದ್ದೇನೆ.

ಒಂದು ಸಲಕ್ಕೆ ತೊಳೆಯುವ ಮಣ್ಣನ್ನು ಒಂದು ಗ್ರಾಂನಿಂದ 10 ಗ್ರಾಂಗೆ ಏರಿಸಿದೆ. ಅಲ್ಲಿಂದ ನೀರಿನ ಕಷ್ಟ ಶುರು.

ಗಾಜನ್ನು ಮರಳಿನಿಂದ ಬೇರ್ಪಡಿಸಲು ಭಾರದ ದ್ರವ ಬೇಕು, ಅದರಲ್ಲಿ ಗಾಜು ತೇಲುತ್ತೆ, ಮರಳು ಮುಳುಗುತ್ತೆ. ಅಂಥ ಪಾಲಿಟಂಗ್‌ಸ್ಟೇಟ್ ದ್ರವ ಎಷ್ಟು ದುಬಾರಿ ಅಂತ ಬಳಸಿದವರಿಗೆಲ್ಲ ಗೊತ್ತು. ಇನ್ನೊಂದು ಭಾರದ ದ್ರವ ಬ್ರೋಮೋಫಾರ್ಮ್ ಅಗ್ಗ, ಆದರೆ ಅದರ ವಾಸನೆ ಕುಡಿದು ಬದುಕುವುದು ನನಗೆ ಬೇಡ. ಮೊದಲ ಅರ್ಧ ಕಿಲೋ ಪುಡಿಗೆ ತೆರಿಗೆ, ಸಾಗಾಣಿಕೆ ಎಲ್ಲ ಸೇರಿ 22 ಸಾವಿರ ಕೊಟ್ಟ ನೆನಪು. ಸಾಂದ್ರತೆ 2.5ಕ್ಕೆ ಕಲಸಿ, ಮೊದಲ ಬ್ಯಾಚಿನ ಮಣ್ಣಿಗೆ ಹಾಕಿದೆ. ಮಜ್ಜಿಗೆಯ ಹಾಗೆ ಬೆಳ್ಳಗಾಯಿತು. ಸೆಂಟ್ರಿಫ್ಯೂಜಿನಲ್ಲಿ ನಿಮಿಷಕ್ಕೆ 2,500 ಸುತ್ತಿನಂತೆ 15 ನಿಮಿಷ ತಿರುಗಿಸಿದರೂ ಬಿಳಿ ಕೆಸರು ಹಾಗೇ. ಸುಣ್ಣದ ಹರಳನ್ನು ಆಸಿಡ್ ಕರಗಿಸಿದೆ, ಸರಿ. ಕರಗಿದ ಕ್ಯಾಲ್ಸಿಯಂ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಿರಲಿಲ್ಲ. ನಾನು ಅದನ್ನು ತೊಳೆದದ್ದೇ ಬೋರ್‌ವೆಲ್ ನೀರಿನಿಂದ. ಆ ನೀರಿನಲ್ಲಿ ಕಾಯಿಸಿದ ಪಾತ್ರೆಗೆ ಸುಣ್ಣ ಕಟ್ಟುತ್ತೆ, ಅಷ್ಟು ಗಡಸು. ಕ್ಯಾಲ್ಸಿಯಂ ಸಿಕ್ಕಿದ್ದೇ ತಡ, ಟಂಗ್‌ಸ್ಟೇಟ್ ಅದರ ಜೊತೆ ಸೇರಿ ಬಿಳಿ ಪುಡಿಯಾಗಿ ಕೂತಿತು. ಅರ್ಧಕ್ಕರ್ಧ ದ್ರವ ಹೋಯಿತು, ಅಂದರೆ ಹನ್ನೊಂದು ಸಾವಿರ ಒಂದು ಮಧ್ಯಾಹ್ನಕ್ಕೆ.

ಉಳಿದರ್ಧದ ಕಥೆ ಇನ್ನೂ ಚೆನ್ನಾಗಿದೆ. ಅದನ್ನು ಸ್ಟೀಲ್ ಚಮಚದಲ್ಲಿ ಕಲಕಿದೆ. ಮಾರನೇ ದಿನ ನೋಡಿದರೆ ಶಾಯಿ ನೀಲಿ. ಗಾಬರಿಯಾಗಿ ಅದನ್ನೂ ಚೆಲ್ಲುವುದರಲ್ಲಿದ್ದೆ. ಕೆಮಿಸ್ಟ್ರಿ ವಿಭಾಗದ ಮೇಡಂ ಒಬ್ಬರು ತಡೆದು, ಹೈಡ್ರೋಜನ್ ಪೆರಾಕ್ಸೈಡ್ ಕೆಲವು ಹನಿ ಬಿಡಿ ಅಂದರು. ಬಿಟ್ಟೆ. ಬಣ್ಣ ಹೋಯಿತು. ಅಂದಿನಿಂದ ಲ್ಯಾಬಿನಲ್ಲಿ ಪ್ಲಾಸ್ಟಿಕ್, ಗಾಜು ಬಿಟ್ಟು ಬೇರೆ ಏನೂ ಆ ದ್ರವದ ಹತ್ತಿರ ಸುಳಿಯುವುದಿಲ್ಲ.

ಈಗ ನಾನು ಮಾಡುವುದು ಇಷ್ಟು. ಆಸಿಡ್ ಆದ ಮೇಲೆ ಬಟ್ಟಿ ಇಳಿಸಿದ ನೀರಿನಲ್ಲಿ ಮಾತ್ರ ತೊಳೆಯುವುದು. ಎಷ್ಟು ಸಲ ಅಂತ ಎಣಿಸುವುದಿಲ್ಲ. ಕೊನೆಯ ನೀರನ್ನು ಸ್ವಲ್ಪ ತೆಗೆದು ಅಮೋನಿಯಂ ಆಕ್ಸಲೇಟ್ ಒಂದು ಹನಿ ಹಾಕಿ ನೋಡುತ್ತೇನೆ. ಮಬ್ಬಾದರೆ ಇನ್ನೂ ಕ್ಯಾಲ್ಸಿಯಂ ಇದೆ, ಮತ್ತೆ ತೊಳೆ. ತಿಳಿಯಾಗಿ ನಿಂತರೆ ಮಾತ್ರ ದುಬಾರಿ ದ್ರವ. ಆಕ್ಸಲೇಟ್ ಒಂದು ಬಾಟಲಿ ತಂದರೆ ವರ್ಷಗಟ್ಟಲೆ ಬರುತ್ತೆ. ಅದು ಮೊದಲೇ ಹೊಳೆಯಬೇಕಿತ್ತು.

ಬಳಸಿದ ದ್ರವವನ್ನು ಸೋಸಿ, ಮೆಲ್ಲಗೆ ಆವಿ ಮಾಡಿ ಮತ್ತೆ ಬಳಸುತ್ತೇನೆ. 80 ಡಿಗ್ರಿ ದಾಟಿಸಬೇಡಿ. ಸೋಸಿದ ದ್ರವವನ್ನೂ ಒಂದು ಹನಿ ಸ್ಲೈಡಿಗೆ ಹಾಕಿ ನೋಡಿ. ಹಳೇ ಚೂರು ಅಲ್ಲಿಂದಲೂ ಬರಬಹುದು.

ಇನ್ನು ಬಸಿದು ಚೆಲ್ಲುವ ವಿಷಯ. ಇದೇ ನನ್ನ ಪದ್ಧತಿಯ ಜೀವ, ಹಾಗಾಗಿ ಪೂರ್ತಿ ಹೇಳುವುದಿಲ್ಲ. ಎಲ್ಲರೂ ಕ್ಯಾಲ್ಗಾನ್‌ನಲ್ಲಿ ಕಲಕಿ, ಇಷ್ಟು ಹೊತ್ತು ಬಿಟ್ಟು, ಮೇಲಿನ ಕದಡಿದ ನೀರು ಚೆಲ್ಲುತ್ತಾರೆ. ಲೆಕ್ಕ ಮಾಡುವುದು ಗುಂಡು ಕಣಕ್ಕೆ. ಟೋಬಾದ ಚೂರು ಗುಂಡಗಿಲ್ಲ. 60 ಮೈಕ್ರಾನ್ ಅಗಲ ಇದ್ದರೂ ದಪ್ಪ ಐದೋ ಎಂಟೋ ಮೈಕ್ರಾನ್. ಒಣ ಎಲೆ ಕೆರೆಗೆ ಬಿದ್ದ ಹಾಗೆ ಓಲಾಡುತ್ತಾ ಇಳಿಯುತ್ತೆ. ಒಂದು ದಿನ ಸುಮ್ನೆ ಕುತೂಹಲಕ್ಕೆ ಚೆಲ್ಲುವ ನೀರನ್ನೇ ಸೋಸಿ ನೋಡಿದೆ. ನನ್ನ ಚೂರಿನಲ್ಲಿ ಅರ್ಧದಷ್ಟು ಅಲ್ಲಿ ಇತ್ತು! ಜೇಡಿ ಮಣ್ಣಿನಲ್ಲಿ ಗಾಜು ಸಿಗುವುದಿಲ್ಲ ಅಂತ ಎಲ್ಲರೂ ಹೇಳುತ್ತಿದ್ದರಲ್ಲ, ಸಿಗದೇ ಏನು, ಅವರೇ ಮೋರಿಗೆ ಚೆಲ್ಲುತ್ತಿದ್ದರು. ಈಗ ನಾನು ಏನನ್ನೂ ಬಸಿಯುವುದಿಲ್ಲ. ಎಲ್ಲವೂ 15 ಮೈಕ್ರಾನ್ ಜಾಲರಿಯ ಮೂಲಕವೇ ಹೋಗಬೇಕು. ಜೇಡಿ ಕಟ್ಟಿಕೊಂಡು ಜಾಲರಿ ಮುಚ್ಚಿಹೋಗುತ್ತೆ, ಒಂದು ಚೀಲಕ್ಕೆ ಒಂದು ದಿನ ಹಿಡಿಯುತ್ತೆ. ಮುಚ್ಚಿಹೋಗದಂತೆ ಜಾಲರಿಯನ್ನು ಹೇಗೆ ಕಟ್ಟುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಕೈಯಲ್ಲಿ ಒಂದಷ್ಟು ದಿನ ಮಾಡಿದರೆ ನಿಮಗೂ ಹೊಳೆಯುತ್ತೆ.

ದ್ರವದ ಸಾಂದ್ರತೆಯಲ್ಲೂ ಇಂಥದ್ದೇ ಒಂದು. ಮೊದಲ ತೇಲಿಕೆಯಲ್ಲಿ ಹಗುರ ಕಸ, ಸಸ್ಯದ ಸಿಲಿಕಾ ತೆಗೆಯಲು 2.3 ಇಡುತ್ತಿದ್ದೆ. ಕಸದ ಜೊತೆ ಗುಳ್ಳೆ ಉಳಿದ ಗಾಜೂ ತೇಲಿ ಹೋಗುತ್ತಿತ್ತು. ಅಂಕಿ ಇಳಿಸಿದೆ. 1.95 ಮತ್ತು 2.3ರ ನಡುವೆ ಎಲ್ಲೋ ಇದೆ ಅಂತ ಹೇಳಬಲ್ಲೆ, ಅಷ್ಟೇ. ನಿಮ್ಮ ಮಣ್ಣಿಗೆ ಬೇರೆ ಇರಬಹುದು. ಎಸೆಯುವ ಮುಂಚೆ ಎಸೆಯುವುದನ್ನು ನೋಡಿ.

ಅಂಕಿ ಇಳಿಸಿದ್ದಕ್ಕೆ ದಂಡವೂ ಕಟ್ಟಿದೆ. ಫೈಟೋಲಿತ್‌ಗಳು, ಅಂದರೆ ಆ ಸಸ್ಯದ ಸಿಲಿಕಾ ಕಣಗಳು, ಗಾಜಿನ ಜೊತೆ ಉಳಿದುಕೊಂಡವು. ನಮ್ಮ ಕಡೆಯ ಮಣ್ಣಿನಲ್ಲಿ ಹುಲ್ಲಿನ ಸಿಲಿಕಾ ಕಡಿಮೆ ಏನಿಲ್ಲ. ಮುರಿದ ಫೈಟೋಲಿತ್ ಕೂಡ ಗಾಜಿನ ಹಾಗೇ ತಿಳಿ, ಮೈಕ್ರೋಸ್ಕೋಪಿನಲ್ಲಿ ಅಡ್ಡ ಪೋಲರೈಸರ್ (ಬೆಳಕು ತಡೆಯುವ ಜೋಡಿ ಫಿಲ್ಟರ್) ಹಾಕಿದರೆ ಅದೂ ಕಪ್ಪು. ಹರಳಿಗೆ ಬಣ್ಣ ಬರಿಸುವ ಜಿಪ್ಸಂ ಪ್ಲೇಟ್ ಹಾಕಿದರೆ ಸ್ಫಟಿಕ ಶಿಲೆ ಸಿಕ್ಕಿಬೀಳುತ್ತೆ, ಫೈಟೋಲಿತ್ ಸಿಕ್ಕಿಬೀಳುವುದಿಲ್ಲ. ಇಲ್ಲಿ ನಾನು ಮಾಡಿದ್ದು ಗ್ಲಿಸರಿನ್ ಉಪಾಯ, ಇದನ್ನು ಮುಚ್ಚಿಡುವುದಿಲ್ಲ. ಬೆಳಕನ್ನು ಎಷ್ಟು ಬಗ್ಗಿಸುತ್ತೆ ಅನ್ನುವ ಅಂಕಿಯೇ ವಕ್ರೀಭವನ ಅಂಕ, ಗ್ಲಿಸರಿನ್‌ನದ್ದು 1.47. ಫೈಟೋಲಿತ್ ಅದಕ್ಕಿಂತ ಕೆಳಗೆ, ಟೋಬಾದಂಥ ರೈಯೊಲೈಟ್ (ಸಿಲಿಕಾ ಜಾಸ್ತಿ ಇರುವ ಜ್ವಾಲಾಮುಖಿ ಶಿಲೆ) ಗಾಜು 1.50ರ ಹತ್ತಿರ, ಅಂದರೆ ಮೇಲೆ. ಔಷಧದಂಗಡಿಯ ಗ್ಲಿಸರಿನ್ ಒಂದು ಹನಿ ಹಾಕಿ, ಫೋಕಸ್ ಸ್ವಲ್ಪ ಮೇಲೆತ್ತಿ. ಬೆಳಕಿನ ಗೆರೆ ಚೂರಿನ ಒಳಗೆ ಹೋದರೆ ಗಾಜು, ಹೊರಗೆ ಓಡಿದರೆ ಹುಲ್ಲು. ಗ್ಲಿಸರಿನ್ ಗಾಳಿಯ ನೀರು ಹೀರಿದರೆ ಅಂಕ ಇಳಿಯುತ್ತೆ, ಅದಕ್ಕೆ ಬಾಟಲಿ ಮುಚ್ಚಿಡಿ. ಅಂಕ ಗೊತ್ತಿರುವ ದುಬಾರಿ ಎಣ್ಣೆಗಳ ಪೆಟ್ಟಿಗೆ ಬೇಕಾಗಿಯೇ ಇಲ್ಲ. ಇದನ್ನು ನೋಡಿ ಮೇಷ್ಟ್ರು ಮೊದಲ ಸಲ ನಗದೆ "ಹ್ಞೂಂ" ಅಂದರು.

ಎರಡನೇ ಸುತ್ತಿನ 42 ಚೀಲಕ್ಕೆ ಏಳು ತಿಂಗಳು ಹಿಡಿಯಿತು. 42ರಿಂದ 29ರವರೆಗೆ, ಅಂದರೆ ತಳದಿಂದ ಮೇಲಕ್ಕೆ, ಸೊನ್ನೆ. ಸೊನ್ನೆ, ಸೊನ್ನೆ, ಸೊನ್ನೆ. 31ರಲ್ಲಿ ಮಾತ್ರ ಒಂದು ಚೂರು. ಬೇರಿನ ತೂತೊಂದು ಕಂಡ ನೆನಪಿದೆ, ಅದರ ಕೆಲಸ ಇರಬೇಕು. ಸೊನ್ನೆ ನೋಡಿ ನನಗೆ ಆದಷ್ಟು ಖುಷಿ ಯಾರಿಗೂ ಆಗಿರಲಿಕ್ಕಿಲ್ಲ. ಸೊನ್ನೆ ಬಂದರೆ ಲ್ಯಾಬು ಸ್ವಚ್ಛ ಅಂತ ತಾನೇ ಅರ್ಥ. 28ನೇ ಚೀಲದಲ್ಲಿ ಒಂದೇ ಸಮನೆ ಗಾಜು. ಅದರ ಮೇಲೆ 24ರವರೆಗೆ ಕಡಿಮೆಯಾಗುತ್ತಾ ಹೋಗುವ ಬಾಲ. ಆಮೇಲೆ ಅಲ್ಲೊಂದು ಇಲ್ಲೊಂದು. ಕೆಳಗೆ ಕತ್ತರಿಸಿದ ಹಾಗೆ ನಿಂತು, ಮೇಲಕ್ಕೆ ಮಾತ್ರ ಬಾಲ ಇದ್ದರೆ ಬೂದಿ ಬಿದ್ದ ಮೇಲೆ ಮಳೆ ಸುತ್ತಲಿಂದ ತೊಳೆದು ತರುತ್ತಾ ಹೋಯಿತು ಅಂತ. ಜ್ವಾಲಾಪುರದ ಕಥೆಯೇ, ಸಾವಿರ ಪಟ್ಟು ತೆಳುವಾಗಿ.

ಒಂದು ಸೆಂಟಿಮೀಟರಿಗೆ ಒಂದರಂತೆ ತೆಗೆಯಲು ಹಳ್ಳಕ್ಕೆ ವಾಪಸ್ ಹೋದೆ. ಮಳೆಗಾಲ ಮುಗಿದಿತ್ತು. ದಡದ ಅರ್ಧ ನೀರಿಗೆ ಬಿದ್ದು, ನಾನು ಹೊಡೆದಿದ್ದ ಮೊಳೆಗಳೂ ಹೋಗಿದ್ದವು. ಎದೆ ಧಸಕ್ಕೆಂದಿತು. ಸುಣ್ಣದ ಹರಳಿನ ಪಟ್ಟಿ ಇಲ್ಲದಿದ್ದರೆ ಆಳ ಹೊಂದಿಸಲು ಆಗುತ್ತಲೇ ಇರಲಿಲ್ಲ. ಅದರಿಂದ ಅಳೆದು, ಹೊಸ ಮುಖದಲ್ಲಿ ಲೋಹದ ಡಬ್ಬಿ ಒತ್ತಿ 20 ಸೆಂಟಿಮೀಟರ್ ಇಡಿಯಾಗಿ ತೆಗೆದುಕೊಂಡು ಬಂದೆ. ಅದರಲ್ಲಿ ಒಂದೇ ಸೆಂಟಿಮೀಟರಿನಲ್ಲಿ ಗ್ರಾಂಗೆ 400ರ ಆಸುಪಾಸು. ಅದರ ಮೇಲಿನದರಲ್ಲಿ ನೂರೈವತ್ತು. ಕೆಳಗಿನದರಲ್ಲಿ ಹನ್ನೊಂದು. ಅದರ ಕೆಳಗೆ ಸೊನ್ನೆ.

ನಡುವೆ ಒಂದು ಅಡ್ಡದಾರಿ ಹಿಡಿದೆ. ಟೋಬಾ ಒಂದೇ ಸಲ ಸಿಡಿದದ್ದಲ್ಲ. ಎಂಟು ಲಕ್ಷ ವರ್ಷದ ಆಸುಪಾಸಿನಲ್ಲಿ ಒಂದು, ಐದು ಲಕ್ಷದ ಆಸುಪಾಸಿನಲ್ಲಿ ಒಂದು, ಆಮೇಲೆ 74,000ದ್ದು. ಬೋರಿಯ ಬೂದಿ ಇದರಲ್ಲಿ ಹಳೆಯದೋ ಹೊಸದೋ ಅಂತ ಸಂಶೋಧಕರಲ್ಲಿ ಎಷ್ಟೋ ಜಗಳ ಆಗಿದೆ. ಗಾಜಿನ ಮುಖ್ಯ ರಾಸಾಯನಿಕ ಅಂಕಿಗಳಲ್ಲಿ ಈ ಅಣ್ಣ ತಮ್ಮಂದಿರು ಒಂದೇ ಥರ. ಬಯೊಟೈಟ್ ಅಭ್ರಕದ ಕಬ್ಬಿಣ, ಮೆಗ್ನೀಸಿಯಂ ನೋಡಿದರೆ ಬೇರೆ ಬೇರೆ ಅಂತ ಗೊತ್ತಾಗುತ್ತೆ. ಆದರೆ ಗಾಜೇ ಇಷ್ಟು ಕಡಿಮೆ ಇರುವಾಗ ಅಭ್ರಕ ಎಲ್ಲಿಂದ ತರುವುದು? ತೇಲಿಕೆಯಲ್ಲಿ ತಳಕ್ಕೆ ಹೋದ ಭಾರದ ಪಾಲನ್ನು ಒಣಗಿಸಿ, ಒಂದು ರಟ್ಟಿನ ಮೇಲೆ ಚೆಲ್ಲಿ, ಓರೆ ಮಾಡಿ ಮೆಲ್ಲಗೆ ತಟ್ಟಿದೆ. ಗುಂಡು ಮರಳು ಉರುಳಿ ಹೋಗುತ್ತೆ, ಚಪ್ಪಟೆ ಅಭ್ರಕ ರಟ್ಟಿಗೆ ಅಂಟಿಕೊಂಡು ಉಳಿಯುತ್ತೆ. ಮೊರದಲ್ಲಿ ಕಾಳು ಕೇರುವುದು ನೋಡಿದವರಿಗೆ ಹೇಳಿಕೊಡಬೇಕಾಗಿಲ್ಲ. ನಯವಾದ ರಟ್ಟು ಆಗಲಿಲ್ಲ, ಒರಟೂ ಆಗಲಿಲ್ಲ. ಹಳೇ ಮದುವೆ ಕರೆಯೋಲೆಯ ಹಿಂಬದಿ ಸರಿಯಾಯಿತು. ಏಳು ಚೂರು ಬಯೊಟೈಟ್ ಸಿಕ್ಕಿತು. ಸುತ್ತಲಿನ ಗ್ರಾನೈಟಿನ ಅಭ್ರಕ ಅದರಲ್ಲಿ ಎಷ್ಟು ಅನ್ನುವ ಅನುಮಾನ ನನಗೇ ಇತ್ತು. ಮ್ಯಾಗ್ನೆಟ್‌ನಲ್ಲೂ ಒಂದು ತಿಂಗಳು ಆಟ ಆಡಿದೆ, ನಿಯೋಡಿಮಿಯಂ ಪಟ್ಟಿಯ ಮೇಲೆ ಪುಡಿ ಜಾರಿಸುವುದು. ಕಬ್ಬಿಣದ ಖನಿಜ ಹೋಯಿತು, ಬೇರೇನೂ ಲಾಭ ಆಗಲಿಲ್ಲ. ಬಿಟ್ಟೆ.

ಎಲೆಕ್ಟ್ರಾನ್ ಕಿರಣ ಹಾಯಿಸಿ ಒಂದೊಂದು ಚೂರಿನ ರಾಸಾಯನಿಕ ಅಂಕಿ ಅಳೆಯುವ ಮೈಕ್ರೋಪ್ರೋಬ್ ಯಂತ್ರಕ್ಕೆ ಸ್ಲಾಟ್ ಸಿಗಲು ಐದು ತಿಂಗಳು ಕಾದೆ. ಒಂದು ಕಡ್ಡಿಗೆ ರೆಪ್ಪೆಗೂದಲು ಅಂಟಿಸಿ, ಅದರ ತುದಿಯಲ್ಲಿ ಒಂದೊಂದೇ ಚೂರು ಎತ್ತಿ 40 ಚೂರು ರಾಳದಲ್ಲಿ ಕೂರಿಸಿದೆ. ಆಮೇಲೆ ಪಾಲಿಶ್. ಇನ್ನೊಂದು ನಿಮಿಷ, ಇನ್ನೊಂದು ನಿಮಿಷ ಅಂತ ಉಜ್ಜಿದೆ. ಐದು ಮೈಕ್ರಾನ್ ದಪ್ಪದ ಗಾಜು ಎಷ್ಟು ನಿಮಿಷ ತಡೆಯುತ್ತೆ? ನೋಡಿದರೆ 9 ಉಳಿದಿತ್ತು. ಆ ರಾತ್ರಿ ಊಟ ಸೇರಲಿಲ್ಲ. ಎರಡನೇ ಸಲ ಎರಡು ನಿಮಿಷಕ್ಕೊಮ್ಮೆ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಉಜ್ಜಿದೆ, 26 ಉಳಿಸಿಕೊಂಡೆ. ಪ್ರೋಬಿನಲ್ಲಿ ಸೋಡಿಯಂ ಮೊದಲು ಅಳೆಯಿರಿ ಅಂತ ಆಪರೇಟರಿಗೆ ಹೇಳಬೇಕಾಗಿರಲಿಲ್ಲ, ಅವರು ನನಗಿಂತ ಬಲ್ಲವರು. ಕಿರಣ ಅಗಲ ಮಾಡಿದರೆ ಚೂರಿನ ಹೊರಗೆ ಹೋಗುತ್ತೆ, ಸಣ್ಣ ಮಾಡಿದರೆ ಸೋಡಿಯಂ ಓಡುತ್ತೆ. ಕರೆಂಟು ಇಳಿಸಿ ಒಪ್ಪಂದಕ್ಕೆ ಬಂದೆವು. ಯಂತ್ರದ ಅಂಕಿ ಸರಿಯೇ ಅಂತ ನೋಡಲು, ಅಂಕಿ ಮೊದಲೇ ಗೊತ್ತಿರುವ ಲಿಪಾರಿ ಗಾಜನ್ನೂ ನಡುನಡುವೆ ಅಳೆಸಿದೆ. 21 ಚೂರಿನ ಅಂಕಿ ನಂಬುವ ಹಾಗೆ ಬಂತು. ಶೇಕಡಾ ಲೆಕ್ಕದಲ್ಲಿ ಸಿಲಿಕಾ ಸುಮಾರು 77, ಅಲ್ಯೂಮಿನಾ ಹನ್ನೆರಡೂವರೆ, ಪೊಟ್ಯಾಶ್ 5ರ ಹತ್ತಿರ, ಸೋಡಾ 3, ಕಬ್ಬಿಣ ಒಂದಕ್ಕೂ ಕಡಿಮೆ. ಅದೇ ದಿನ ಅಳೆದ ಜ್ವಾಲಾಪುರದ ಬೂದಿಯ ಮೇಲೆ ನನ್ನ ಚುಕ್ಕಿಗಳು ಹೋಗಿ ಕೂತವು. ಏಳು ಬಯೊಟೈಟಿನಲ್ಲಿ ನಾಲ್ಕು 74,000ದ ಗುಂಪಿಗೆ ಸೇರಿದವು, ಮೂರು ಊರ ಗ್ರಾನೈಟಿನವು.

ಮೇಷ್ಟ್ರು ಏನಂದರು ಊಹಿಸಿ. "ಜ್ವಾಲಾಪುರದ ಬೂದಿಗೆ ಹೋಲುತ್ತೆ ಅಂದರೆ ಅದು ನಿನ್ನ ಹಾರ್ಲಿಕ್ಸ್ ಬಾಟಲಿಯದ್ದೇ ಯಾಕಾಗಿರಬಾರದು?"

ಸಿಟ್ಟು ಬಂತು. ಆದರೆ ಪ್ರಶ್ನೆ ಸರಿ. ಅದಕ್ಕೆ ಗುಟ್ಟಿನ ಪರೀಕ್ಷೆ ಮಾಡಿದೆವು. ಅವರೇ ಹಳ್ಳಕ್ಕೆ ಬಂದು, ಅವರದೇ ಕೈಯಲ್ಲಿ 12 ಚೀಲ ತುಂಬಿಸಿಕೊಂಡು ಹೋದರು. ಆಳ ನನಗೆ ಹೇಳಲಿಲ್ಲ. ಚೀಲಗಳಿಗೆ ಅವರೇ ಬೇರೆ ನಂಬರು ಹಾಕಿದರು. ಅದರಲ್ಲಿ ಒಂದೇ ಮಟ್ಟದ್ದು ಎರಡು ಸಲ ಇತ್ತು, ಬೇರೆ ಹಳ್ಳದ ಹೊಸ ಮರಳೂ ಇತ್ತು. ನಾನು ಎರಡು ತಿಂಗಳು ತೊಳೆದು ಉತ್ತರ ಬರೆದು ಲಕೋಟೆ ಕೊಟ್ಟೆ. ಮೂರರಲ್ಲಿ ಗಾಜು, ಒಂಬತ್ತರಲ್ಲಿ ಸೊನ್ನೆ. ಅವರು ತಮ್ಮ ಚೀಟಿ ತೆಗೆದರು. ಮೂರೂ ಆ ಒಂದು ಅಂಗೈ ದಪ್ಪದ ಮಟ್ಟದ್ದೇ, ಜೋಡಿ ಚೀಲವೂ ಅದರಲ್ಲೇ. ಅವರು ಕನ್ನಡಕ ಒರೆಸಿಕೊಂಡು "ಕಾಫಿ ಕುಡಿಯೋಣ ಬಾ" ಅಂದರು. ನನಗೆ ಅಷ್ಟು ಸಾಕಾಗಿತ್ತು.

ಇದರಿಂದ ಏನು ಲಾಭ ಅಂತ ಮನೆಯಲ್ಲೂ ಕೇಳುತ್ತಾರೆ. ಆ ಒಂದು ಸೆಂಟಿಮೀಟರ್ ಮಣ್ಣು, ಬಂಗಾಳ ಕೊಲ್ಲಿಯ ತಳದ ಒಂದು ಗೆರೆ, ಪಿನಾಕಲ್ ಪಾಯಿಂಟಿನ ಒಂದು ಗೆರೆ, ಎಲ್ಲವೂ ಹೆಚ್ಚುಕಡಿಮೆ ಒಂದೇ ಕಾಲದವು. ಬೇರೆ ಯಾವ ಕಾಲಮಾಪನ ಇಷ್ಟು ದೂರದ ಜಾಗಗಳನ್ನು ಇಷ್ಟು ಬಿಗಿಯಾಗಿ ಕಟ್ಟುತ್ತೆ? 1998ರಲ್ಲಿ ಮಾನವಶಾಸ್ತ್ರಜ್ಞ ಆಂಬ್ರೋಸ್, ಟೋಬಾ ಸಿಡಿದದ್ದರಿಂದ ಹಬ್ಬಿದ ಚಳಿಗೆ ಮನುಷ್ಯಕುಲವೇ ಅಳಿವಿನಂಚಿಗೆ ಹೋಯಿತು ಅಂತ ವಾದ ಮಾಡಿದರು. 2007ರಲ್ಲಿ ಪೆಟ್ರಾಗ್ಲಿಯಾ ತಂಡ ಜ್ವಾಲಾಪುರದಲ್ಲಿ ಬೂದಿಯ ಕೆಳಗೂ ಮೇಲೂ ಒಂದೇ ಥರದ ಕಲ್ಲಿನ ಉಪಕರಣ ತೋರಿಸಿ, ಜನ ಬದುಕಿದ್ದರು ಅಂದಿತು. 2020ರಲ್ಲಿ ಸೋನ್ ಕಣಿವೆಯ ಧಾಬಾದಿಂದಲೂ ಅದೇ ಮಾತು ಬಂತು. ಆದರೆ ಕಾಡು ಹೋಗಿ ಹುಲ್ಲು ಬಂತು ಅನ್ನುವ ಪರಾಗದ ಲೆಕ್ಕವೂ ಇದೆ. ಎರಡು ಕಣಿವೆ ಇಟ್ಟುಕೊಂಡು ಎಷ್ಟು ಅಂತ ಜಗಳ ಆಡುವುದು? ಬೂದಿ ಕಾಣದ ಕಡೆಯೂ ಆ ಗೆರೆ ಎಳೆಯಲು ಬಂದರೆ ಪ್ರತಿ ಹಳ್ಳವೂ ಒಂದು ಸಾಕ್ಷಿ. ನನ್ನ ದಡದಲ್ಲಿ ಗೆರೆಗಿಂತ ಒಂದು ಮೊಳ ಮೇಲೆ ನಾಲ್ಕೈದು ಕಲ್ಲಿನ ಚಕ್ಕೆ ಇವೆ. ಮನುಷ್ಯ ಒಡೆದದ್ದೋ ಹೊಳೆ ಒಡೆದದ್ದೋ ಹೇಳುವಷ್ಟು ಬುದ್ಧಿ ನನಗಿಲ್ಲ, ಬಲ್ಲವರಿಗೆ ತೋರಿಸಿದ್ದೇನೆ.

ದುಡ್ಡಿನ ಲೆಕ್ಕ ಕೇಳಿದವರಿಗೆ ನೆನಪಿನಿಂದ ಹೇಳುತ್ತೇನೆ. ಮೊದಲ ದ್ರವ 22 ಸಾವಿರ, ಎರಡನೇದು ಒಂದು ಕಿಲೋ 41 ಸಾವಿರ. ಮುಂದಿನವೂ ಸಾವಿರದ ಲೆಕ್ಕದಲ್ಲೇ: ಜಾಲರಿ ಆರೂವರೆ. ಬಟ್ಟಿ ನೀರಿನ ಕ್ಯಾನುಗಳು 11. ಪ್ರೋಬಿಗೆ 28, ರಾಳ, ಪಾಲಿಶ್ ಎಲ್ಲ 9. ಓಡಾಟ 14. ಒಟ್ಟು 1 ಲಕ್ಷ 30 ಸಾವಿರದ ಆಸುಪಾಸು. ಅದರಲ್ಲಿ ಸಂಸ್ಥೆಯಿಂದ ಬಂದದ್ದು ಪ್ರೋಬಿನ ಖರ್ಚು ಮಾತ್ರ, ಉಳಿದದ್ದು ನನ್ನ ಜೇಬಿನದ್ದು. ಈಗ ಶುರು ಮಾಡುವವರು ನನ್ನ ತಪ್ಪು ಮಾಡದಿದ್ದರೆ ಅರ್ಧದಲ್ಲಿ ಮುಗಿಸಬಹುದು. ಬಟ್ಟಿ ನೀರಿಗೆ ಮಾತ್ರ ಜಿಪುಣತನ ಬೇಡ. ಗೆರೆಯ ಮೇಲಿನ ಮತ್ತು ಕೆಳಗಿನ ಮರಳಿಗೆ ಬೆಳಕಿನ ಕಾಲಮಾಪನ (ಮರಳು ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಅನ್ನುವ ಲೆಕ್ಕ) ಇನ್ನೂ ಮಾಡಿಸಿಲ್ಲ. ಅದಕ್ಕೆ ಬೇರೆ ಜೇಬು ಬೇಕು.

ಹೋದ ವಾರ ಮೇಷ್ಟ್ರು ಆರು ಚೀಲ ಮಣ್ಣು ಕಳಿಸಿದ್ದಾರೆ, ಅವರು ಮೂವತ್ತು ವರ್ಷದಿಂದ ಅಗೆಯುತ್ತಿರುವ ಜಾಗದ್ದು. ಜೊತೆಗೆ ಒಂದು ಚೀಟಿ: "ಜಾಲರಿ ಹೇಗೆ ಕಟ್ಟುತ್ತೀ ಅಂತ ಕೇಳೋದಿಲ್ಲ. ಎಣಿಸಿ ಹೇಳು." ಆ ಮಣ್ಣಿನಲ್ಲಿ ಸುಣ್ಣ ಜಾಸ್ತಿ. ಮೊದಲನೇ ಚೀಲದ್ದನ್ನು ನಿನ್ನೆ ಆಸಿಡ್‌ಗೆ ಹಾಕಿದೆ, ಇನ್ನೂ ನೊರೆ ನಿಂತಿಲ್ಲ.